ಕಾಯುವ ಮುಳ್ಳು, ಮೇಯುವ ಮುಳ್ಳು

ಮುಳ್ಳು ಎಂಬ ಶಬ್ದಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಮನಸ್ಸನ್ನು ನೋಯಿಸುವ ನುಡಿಯನ್ನು ಮುಳ್ಳಿನಂಥ ಮಾತು ಎನ್ನುತ್ತೇವೆ; ಕಷ್ಟದ ಬಾಳನ್ನು ಮುಳ್ಳಿನ ಹಾದಿ ಎನ್ನುತ್ತೇವೆ. ಆದರೆ ಹಿತ್ತಿಲಿನಲ್ಲಿ ಎರಡು ಮಡಿ ಸೊಪ್ಪು, ನಾಲ್ಕು ಬಾಳೆಯ ಕಂದು ನೆಟ್ಟು, ಒಂದು ಬೆಳಗ್ಗೆ ಎದ್ದು ನೋಡುವಾಗ ಅವೆಲ್ಲ ನೆರೆಮನೆಯ ಮೇಕೆಯ ಹೊಟ್ಟೆ ಸೇರಿರುವುದನ್ನು ಕಂಡವರು ಮುಳ್ಳನ್ನು ಬೈಯಲಾರರು. ತೋಟವನ್ನು ಕಾಯುವ ಅತ್ಯಂತ ಹಳೆಯ, ಅತ್ಯಂತ ಅಗ್ಗದ ಕಾವಲುಗಾರನೆಂದರೆ ಮುಳ್ಳುಗಿಡವೇ. ಹಾಗೆಂದು ಮುಳ್ಳಿರುವ ಗಿಡಗಳೆಲ್ಲವೂ ಒಳ್ಳೆಯ ಕಾವಲುಗಾರರಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಮನುಷ್ಯರಿಗೆ ಅನ್ವಯಿಸಿ ಹೇಳುತ್ತೇವೆ. ಗಿಡಗಳ ವಿಷಯದಲ್ಲಿ ಅದು ಅಕ್ಷರಶಃ ನಿಜವಾಗಿರುವುದನ್ನು ನಮ್ಮ ನಾಡು ಕಂಡಿದೆ. ಆದುದರಿಂದ ತೋಟಕ್ಕೆ ಯಾವ ಮುಳ್ಳನ್ನು ಕರೆತರಬೇಕು, ಯಾವುದನ್ನು ಬಾಗಿಲಲ್ಲೇ ತಡೆಯಬೇಕು ಎಂಬ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

ಮೊದಲು ಮುಳ್ಳೆಂದರೇನು ಎಂಬುದನ್ನು ನೋಡೋಣ. ಚುಚ್ಚುವುದರಲ್ಲಿ ಎಲ್ಲ ಮುಳ್ಳುಗಳೂ ಒಂದೇ. ಹುಟ್ಟಿನಲ್ಲಿ ಮಾತ್ರ ಮೂರು ಬಗೆ. ಬಿಲ್ವ, ನಿಂಬೆ, ಕವಳಿ ಇವುಗಳಲ್ಲಿ ಮುಳ್ಳು ನಿಜವಾಗಿ ಒಂದು ರೆಂಬೆ. ಕೊಂಬೆಯಾಗಿ ಬೆಳೆಯಬೇಕಾದುದು ಬೆಳೆಯದೆ ಗಟ್ಟಿಯಾಗಿ, ಮೊನೆಯಾಗಿ ನಿಂತಿದೆ. ಕವಳಿಯ ಮುಳ್ಳು ಕೆಲವೊಮ್ಮೆ ತುದಿಯಲ್ಲಿ ಕವಲೊಡೆಯುವುದನ್ನು ಕಂಡರೆ ಅದರ ಮೂಲ ರೆಂಬೆಯೆಂಬುದು ಮನವರಿಕೆಯಾಗುತ್ತದೆ. ಎರಡನೆಯ ಬಗೆಯಲ್ಲಿ ಮುಳ್ಳು ಎಲೆಯ ಅಥವಾ ಎಲೆಯ ಬುಡದಲ್ಲಿರುವ ಪುಟ್ಟ ಅಂಗದ ರೂಪಾಂತರ. ಜಾಲಿಯ ಮುಳ್ಳು ಜೋಡಿಯಾಗಿರುವುದಕ್ಕೆ ಇದೇ ಕಾರಣ. ಬೋರೆ ಗಿಡದಲ್ಲಿ ಆ ಜೋಡಿಯಲ್ಲಿ ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆಯಂತೆ ಬಾಗಿರುತ್ತದೆ. ಕೈಯನ್ನು ಒಳಗೆ ಹಾಕುವಾಗ ಒಂದು ಚುಚ್ಚುತ್ತದೆ, ಹೊರಗೆ ತೆಗೆಯುವಾಗ ಇನ್ನೊಂದು ಹಿಡಿಯುತ್ತದೆ. ಮೂರನೆಯದು ತೊಗಟೆಯ ಮುಳ್ಳು. ಗುಲಾಬಿಯದೂ ಬೂರುಗದ್ದೂ ಈ ಬಗೆಯವು. ಇವಕ್ಕೆ ಒಳಗಿನ ಮರದೊಡನೆ ಸಂಬಂಧವಿಲ್ಲವಾದುದರಿಂದ ಬೆರಳಿನಿಂದ ಒತ್ತಿದರೆ ಚಕ್ಕೆಯಂತೆ ಕಳಚಿ ಬರುತ್ತವೆ.

ಮುಳ್ಳಿನ ಉದ್ದೇಶ ಬಹುಮಟ್ಟಿಗೆ ಮೇಯುವ ಬಾಯಿಂದ ತಪ್ಪಿಸಿಕೊಳ್ಳುವುದು. ಮಳೆ ಕಡಮೆಯಿರುವ ನಾಡಿನಲ್ಲಿ ಒಂದು ಎಲೆಯನ್ನು ಮೂಡಿಸುವುದು ಗಿಡಕ್ಕೆ ದುಬಾರಿಯ ಕೆಲಸ. ಕಳೆದುಕೊಂಡ ಎಲೆಯನ್ನು ಮತ್ತೆ ಪಡೆಯುವುದು ಇನ್ನೂ ದುಬಾರಿ. ಆದುದರಿಂದಲೇ ಬಯಲುಸೀಮೆಯ ಕುರುಚಲಿನಲ್ಲಿ ಮುಳ್ಳಿನ ಗಿಡಗಳು ಹೆಚ್ಚು. ಬೂರುಗದ ಮರವನ್ನು ಗಮನಿಸಿ. ಎಳೆಯದಾಗಿರುವಾಗ ಅದರ ಕಾಂಡದ ತುಂಬ ದಪ್ಪ ದಪ್ಪ ಮುಳ್ಳುಗಳು. ಮರ ಬಲಿತು ದನದ ಬಾಯಿಗೆ ಎಟುಕದಷ್ಟು ಬೆಳೆದ ಮೇಲೆ ಬುಡದ ಮುಳ್ಳುಗಳು ಕ್ರಮೇಣ ಸವೆದುಹೋಗುತ್ತವೆ. ನಿಂಬೆಯಲ್ಲಿಯೂ ಹೀಗೆಯೇ, ಬುಡದಿಂದ ನೆಟ್ಟಗೆ ಏಳುವ ಎಳೆಯ ಚಿಗುರುಗಳಲ್ಲಿ ಮುಳ್ಳು ಹೆಚ್ಚು, ಹಣ್ಣು ಕಡಮೆ. ಕಸಿ ಮಾಡಿದ ಗಿಡವಾದರೆ ಅಂಥ ಚಿಗುರು ಕಸಿಯ ಗಂಟಿನ ಕೆಳಗಿನಿಂದ ಬಂದಿದೆಯೇ ಎಂದು ನೋಡಿ ಕತ್ತರಿಸಬೇಕು. ಬಿಟ್ಟರೆ ಬುಡದ ಕಾಡುಗಿಡವೇ ಮೇಲಿನ ಒಳ್ಳೆಯ ತಳಿಯನ್ನು ನುಂಗಿಬಿಡುತ್ತದೆ.

ಇಂಥ ಗಿಡಗಳನ್ನು ಒತ್ತಾಗಿ ನೆಟ್ಟು ಕೋಟೆಯನ್ನೇ ಕಟ್ಟಬಹುದೆಂಬುದು ನಮ್ಮ ಹಿಂದಿನವರಿಗೆ ತಿಳಿದಿತ್ತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿಗೆ ಮುತ್ತಿಗೆ ಹಾಕಿದಾಗ ಪೇಟೆಯ ಸುತ್ತ ಕಂದಕದ ಜೊತೆಗೆ ಚೆನ್ನಾಗಿ ಬೆಳೆದ ಮುಳ್ಳುಪೊದೆಗಳ ಪಟ್ಟಿಯೂ ಇತ್ತು. ಸೈನ್ಯ ಒಳಹೊಕ್ಕದ್ದು ಆ ಪೊದೆಯನ್ನು ಸೀಳಿಕೊಂಡಲ್ಲ, ಊರಬಾಗಿಲನ್ನು ಒಡೆದು. ಮರುವರ್ಷ ಶ್ರೀರಂಗಪಟ್ಟಣದ ಹೊರವಲಯದಲ್ಲಿಯೂ ಆ ಸೈನ್ಯಕ್ಕೆ ಎದುರಾದ ಮೊದಲ ಅಡ್ಡಿ ದಟ್ಟವಾದ ಗಡಿಬೇಲಿ. ಉತ್ತರ ಭಾರತದಲ್ಲಿ ಬ್ರಿಟಿಷರೇ ಮುಂದೆ ಈ ವಿದ್ಯೆಯನ್ನು ಬಳಸಿಕೊಂಡರು. ಉಪ್ಪಿನ ಮೇಲೆ ಸುಂಕ ಹಾಕಿ, ಸುಂಕ ಕೊಡದ ಉಪ್ಪು ಒಳಗೆ ಬಾರದಂತೆ ತಡೆಯಲು ಸಿಂಧೂ ನದಿಯಿಂದ ಮಹಾನದಿಯ ಕಡೆಗೆ ಒಂದು ಸುಂಕದ ಗಡಿಯನ್ನು ಹಾಕಿ, ಅದರ ಉದ್ದಕ್ಕೂ ನೂರಾರು ಮೈಲಿ ಜಾಲಿ, ಬೋರೆ, ಕವಳಿ, ಕಳ್ಳಿಗಳ ಬೇಲಿಯನ್ನು ಬೆಳೆಸಿದರು. ಆ ಇಲಾಖೆಯ ಮುಖ್ಯಸ್ಥನಾಗಿ ಬೇಲಿಯನ್ನು ಬೆಳೆಸಲು ಹೆಚ್ಚು ಶ್ರಮಿಸಿದವರಲ್ಲೊಬ್ಬ, ಮುಂದೆ 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಯಲ್ಲಿ ಪಾಲ್ಗೊಂಡ ಎ. ಓ. ಹ್ಯೂಮ್. 1879ರಲ್ಲಿ ಆ ಗಡಿಯನ್ನು ಕೈಬಿಟ್ಟರು. ನೋಡಿಕೊಳ್ಳುವವರಿಲ್ಲದೆ ಬೇಲಿ ಬಹುಬೇಗ ಅಳಿಯಿತು. ಬೇಲಿಗೆ ಮುಳ್ಳಿನಷ್ಟೇ ಅದನ್ನು ನೋಡಿಕೊಳ್ಳುವ ಕೈಯೂ ಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಇನ್ನು ಕೆಲವು ಮುಳ್ಳುಗಳು ಇದಕ್ಕೆ ತೀರ ವಿರುದ್ಧ. ಅವನ್ನು ಬೆಳೆಸಲು ಯಾರೂ ಬೇಕಿಲ್ಲ, ಬೇಡವೆಂದರೂ ಹೋಗುವುದಿಲ್ಲ. ಮೊದಲನೆಯದು ಪಾಪಸುಕಳ್ಳಿ. ಅಮೆರಿಕ ಖಂಡದ ಈ ಕಳ್ಳಿಯ ಮೇಲೆ ಬದುಕುವ ಒಂದು ಹುಳುವಿನಿಂದ ಬೆಲೆಬಾಳುವ ಕೆಂಪು ಬಣ್ಣ ದೊರೆಯುತ್ತದೆ. ಆ ಹುಳುವನ್ನು ಸಾಕುವ ಆಸೆಯಿಂದ 18ನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಮದರಾಸಿನಲ್ಲಿ ಕಳ್ಳಿಯ ತೋಟವನ್ನೇ ಮಾಡಿದರು. ಬಣ್ಣದ ವ್ಯಾಪಾರ ಕೈಗೂಡಲಿಲ್ಲ. ಕಳ್ಳಿಯ ಜಾತಿಗಳು ಮಾತ್ರ ಬೇಲಿಗಳಿಂದ ಹೊಲಕ್ಕೆ, ಹೊಲದಿಂದ ಗೋಮಾಳಕ್ಕೆ ಹರಡಿ ದಕ್ಷಿಣ ಭಾರತದ ಪೀಡೆಯಾದವು. ಕೊನೆಗೆ 1926ರಲ್ಲಿ ಬಣ್ಣದ ಹುಳುವಿನ ಬಳಗಕ್ಕೇ ಸೇರಿದ ಇನ್ನೊಂದು ಹುಳುವನ್ನು ಸಿಂಹಳದಿಂದ ತರಿಸಿ ಬಿಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ಅದರ ಹಾವಳಿ ಇಳಿಯಿತು.

ಎರಡನೆಯದು ಲಂಟಾನ. ಬಣ್ಣಬಣ್ಣದ ಹೂವಿಗೆ ಮರುಳಾಗಿ 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಉದ್ಯಾನಕ್ಕೆ ತಂದ ಈ ಗಿಡ ಇಂದು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನಡಿಯಲ್ಲಿ ಹುಲ್ಲು ಬೆಳೆಯದಂತೆ ಹಬ್ಬಿ ನಿಂತಿದೆ. ಮಲೆ ಮಹದೇಶ್ವರ ಬೆಟ್ಟದ ಕಡೆಯ ಸೋಲಿಗರು ಅದರ ಕಡ್ಡಿಗಳಿಂದ ಕುರ್ಚಿ, ಬುಟ್ಟಿಗಳನ್ನು ಮಾಡುವುದನ್ನು ಕಲಿತು ಅದರಿಂದ ಅಷ್ಟಿಷ್ಟು ಉಪಯೋಗ ಪಡೆದಿದ್ದಾರೆ. ಆದರೆ ಅವರು ಕಡಿಯುವುದಕ್ಕಿಂತ ಅದು ಬೆಳೆಯುವುದೇ ಹೆಚ್ಚು. ಮೂರನೆಯದು ಬಳ್ಳಾರಿ ಜಾಲಿ. ಹೆಸರು ನಮ್ಮ ಊರಿನದಾದರೂ ಗಿಡ ಅಮೆರಿಕ ಖಂಡದ್ದು. ಸೌದೆಯ ಬರ ನೀಗಲೆಂದು 1870ರ ದಶಕದ ಕೊನೆಯಲ್ಲಿ ಆಗಿನ ಮದರಾಸು ಪ್ರಾಂತದ ಕಡಪ ಸೀಮೆಯಲ್ಲಿ ಅದನ್ನು ನೆಟ್ಟರು. ಬಯಲುಸೀಮೆಯ ಎಷ್ಟೋ ಬಡವರ ಒಲೆ ಇಂದಿಗೂ ಅದರಿಂದಲೇ ಉರಿಯುತ್ತದೆಂಬುದನ್ನು ಮರೆಯಬಾರದು. ಆದರೆ ಕೆರೆಯಂಗಳವನ್ನೂ ಹಳ್ಳದ ದಂಡೆಯನ್ನೂ ಬೀಳುಬಿದ್ದ ಹೊಲವನ್ನೂ ಅದು ಆಕ್ರಮಿಸಿರುವ ರೀತಿಯನ್ನು ಕಂಡವರು ಅದನ್ನು ತಮ್ಮ ತೋಟದ ಬೇಲಿಗೆ ಕರೆಯಲಾರರು. ಕಡಿದಷ್ಟೂ ಬುಡದಿಂದ ಹತ್ತಾಗಿ ಚಿಗುರುವುದು ಅದರ ಗುಣ.

ಈ ಮೂರಕ್ಕೂ ಸಮಾನವಾದ ಅಂಶವೊಂದಿದೆ. ಇವು ದೂರದೇಶದಿಂದ ಬಂದವು. ಅಲ್ಲಿ ಇವನ್ನು ಹದದಲ್ಲಿಟ್ಟಿದ್ದ ಹುಳು, ರೋಗಗಳು ಜೊತೆಯಲ್ಲಿ ಬರಲಿಲ್ಲ. ಬೀಜವನ್ನು ಹೊತ್ತು ಹರಡುವವರು ಮಾತ್ರ ಇಲ್ಲಿಯೂ ದೊರೆತರು. ಬಳ್ಳಾರಿ ಜಾಲಿಯ ಸಿಹಿಯಾದ ಕಾಯನ್ನು ದನ, ಮೇಕೆಗಳು ತಿಂದು ಬೀಜವನ್ನು ಸಗಣಿ, ಹಿಕ್ಕೆಗಳೊಡನೆ ಊರೆಲ್ಲ ಬಿತ್ತುತ್ತವೆ. ಲಂಟಾನದ ಹಣ್ಣನ್ನು ಹಕ್ಕಿಗಳು ಒಯ್ಯುತ್ತವೆ. ಆದುದರಿಂದ ಮುಳ್ಳುಗಿಡವೊಂದನ್ನು ನೆಡುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಬೇಕೆಂದು ನಾನು ಬಲ್ಲವರಿಗೆಲ್ಲ ಹೇಳುತ್ತ ಬಂದಿದ್ದೇನೆ. ನೆಟ್ಟ ಜಾಗದಲ್ಲಿ ಇದು ನಿಲ್ಲುತ್ತದೆಯೇ? ಬೇಡವಾದ ದಿನ ಇದನ್ನು ತೆಗೆಯಬಲ್ಲೆನೇ? ಎರಡಕ್ಕೂ ಹೌದೆನ್ನುವ ಗಿಡಗಳು ನಮ್ಮಲ್ಲಿ ಬೇಕಾದಷ್ಟಿವೆ.

ಅವುಗಳಲ್ಲಿ ಮೊದಲ ಮಣೆಯನ್ನು ನಾನು ಕವಳಿಗೆ ಕೊಡುತ್ತೇನೆ. ಕೆಲವೆಡೆ ಕರಂಡೆ ಎನ್ನುತ್ತಾರೆ. ಕಣಗಿಲೆ, ನಂದಬಟ್ಟಲುಗಳ ಕುಟುಂಬದ ಗಿಡ. ಮುರಿದರೆ ಹಾಲು ಒಸರುತ್ತದೆ. ಆ ಹಾಲಿಗೂ ಜೋಡಿಮುಳ್ಳಿಗೂ ಹೆದರಿ ದನಗಳು ಅದರ ತಂಟೆಗೆ ಹೋಗುವುದು ಕಡಮೆ. ಎಲೆ ಹೊಳೆಯುವ ಹಸಿರು. ಹೂವು ಮಲ್ಲಿಗೆಯನ್ನು ನೆನಪಿಸುವ ಬಿಳುಪು, ನವಿರಾದ ಕಂಪು. ಎಳೆಗಾಯಿ ಉಪ್ಪಿನಕಾಯಿಗೆ ಬಲು ರುಚಿ. ಹಣ್ಣಾದಾಗ ಕಪ್ಪುನೇರಳೆ ಬಣ್ಣ ತಾಳಿ ಮಕ್ಕಳ ನಾಲಗೆಗೆ ಬಣ್ಣ ಬಳಿಯುತ್ತದೆ. ಕಲ್ಲುನೆಲ, ಬಿರುಬಿಸಿಲು ಯಾವುದಕ್ಕೂ ಅಂಜದು. ಬೀಜವನ್ನು ಕೂಡಿಟ್ಟರೆ ಕೆಡುತ್ತದೆ. ಹಣ್ಣಿನಿಂದ ತೆಗೆದ ಕೂಡಲೆ ಮಳೆಗಾಲದಲ್ಲಿ ಬಿತ್ತಬೇಕು. ಮೊದಲ ವರ್ಷ ತೀರ ನಿಧಾನವಾಗಿ ಬೆಳೆಯುವುದರಿಂದ ಅನೇಕರು ಬೇಸತ್ತು ಬಿಟ್ಟುಬಿಡುತ್ತಾರೆ. ನಾಲ್ಕು ವರ್ಷ ತಾಳಿದರೆ ಕೋಳಿಯೂ ನುಸುಳದ ಗೋಡೆ ಸಿದ್ಧವಾಗುತ್ತದೆ.

ಅಷ್ಟು ತಾಳ್ಮೆಯಿಲ್ಲದವರಿಗೆ ಸೀಮೆಹುಣಸೆ. ಇದೂ ಮೆಕ್ಸಿಕೋ ಕಡೆಯಿಂದ ಬಂದ ಗಿಡವೇ. ಆದರೆ ನಮ್ಮಲ್ಲಿ ಬಳ್ಳಾರಿ ಜಾಲಿಯ ಹಾಗೆ ಪುಂಡನಾಗಿಲ್ಲ. ಬೇಗ ಬೆಳೆಯುತ್ತದೆ, ಎಷ್ಟು ಕತ್ತರಿಸಿದರೂ ಸಹಿಸುತ್ತದೆ. ಕತ್ತರಿಸದೆ ಬಿಟ್ಟ ಒಂದೆರಡು ಗಿಡ ಮರವಾಗಿ, ಸುರುಳಿಸುತ್ತಿದ ಕಾಯಿಗಳನ್ನು ಕೊಡುತ್ತದೆ. ಬೋರೆಯನ್ನು ಅಂಚಿನಲ್ಲಿ ಬೆಳೆಸುವವರು ಹಣ್ಣು ಮುಗಿದ ಮೇಲೆ ಪ್ರತಿ ವರ್ಷವೂ ಕೊಂಬೆಗಳನ್ನು ಕತ್ತರಿಸಬೇಕು. ಹೊಸ ಚಿಗುರಿನಲ್ಲಿಯೇ ಹಣ್ಣು ಬಿಡುವುದು ಅದರ ಸ್ವಭಾವ. ಮೊಣಕಾಲೆತ್ತರದ ಬೇಲಿ ಸಾಕೆನ್ನುವವರಿಗೆ ಹಳದಿ ಹೂವಿನ ಮುಳ್ಳುಗೋರಂಟೆ ಇದೆ. ಪಟ್ಟಣದ ಕಾಂಪೌಂಡು ಗೋಡೆಯ ಮೇಲೆ ಹಬ್ಬಿಸಲು ಕಾಗದದ ಹೂವು, ಎಂದರೆ ಬೋಗನ್‌ವಿಲ್ಲ, ಬಲು ಚೆನ್ನ. ಅದರಲ್ಲಿ ನಾವು ಹೂವೆನ್ನುವುದು ಬಣ್ಣ ತಾಳಿದ ಎಲೆ. ನಿಜವಾದ ಹೂವು ಅದರ ನಡುವಿನ ಪುಟ್ಟ ಬಿಳಿಯ ಕೊಳವೆ. ನೀರು ಹೆಚ್ಚಾದರೆ ಎಲೆಯೇ ಬೆಳೆದೀತು. ಸ್ವಲ್ಪ ಬಾಯಾರಿಸಿದರೆ ಮೈತುಂಬ ಅರಳುತ್ತದೆ.

ಜಾಗವಿರುವವರು ಮುಳ್ಳಿನ ಮರಗಳನ್ನೂ ಮರೆಯಬಾರದು. ಬಿಲ್ವವನ್ನು ದೇವರ ಪೂಜೆಗೆಂದು ಬೆಳೆಸುತ್ತೇವೆ. ಅದರ ಎಲೆಯ ಮೇಲೆ ನಿಂಬೆಯ ಚಿಟ್ಟೆಯೂ ಮೊಟ್ಟೆಯಿಡುತ್ತದೆ. ಬೇಲದ ಮರ ಅದರ ಸೋದರಸಂಬಂಧಿ. ಬೆಲ್ಲ ಬೆರೆಸಿದ ಬೇಲದ ಪಾನಕದ ರುಚಿಯನ್ನು ರಾಮನವಮಿಯ ದಿನ ಕುಡಿದವರೇ ಬಲ್ಲರು. ಬನ್ನಿಯಂತೂ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ಒಂದು ಹೊಲವನ್ನು ನುಂಗಿತು. ಇನ್ನೊಂದು ಹೊಲದ ನಡುವೆಯೇ ನಿಂತು, ತನ್ನ ನೆರಳಿನಲ್ಲಿ ಪೈರು ಬೆಳೆಯಲು ಬಿಟ್ಟು, ವಿಜಯದಶಮಿಯಂದು ನಮ್ಮಿಂದ ಪೂಜೆಗೊಳ್ಳುತ್ತದೆ. ಕುಲ ಒಂದೇ ಆದರೂ ಗುಣ ಬೇರೆ.

ಬೇಲಿಯನ್ನು ನೆಡುವ ಕ್ರಮ ಸರಳವಾದುದು. ಮುಂಗಾರಿಗೆ ಮುನ್ನ ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಕಾಲುವೆ ತೋಡಿ, ಕೆಲವು ದಿನ ಬಿಸಿಲು ತಾಗಲು ಬಿಟ್ಟು, ಕೊಟ್ಟಿಗೆಗೊಬ್ಬರ ಬೆರೆಸಿದ ಮಣ್ಣಿನಿಂದ ತುಂಬಬೇಕು. ಮಳೆ ಹಿಡಿದ ಮೇಲೆ ಎರಡು ಸಾಲಿನಲ್ಲಿ, ಗಿಡದಿಂದ ಗಿಡಕ್ಕೆ ಎರಡು ಅಡಿ ಬಿಟ್ಟು, ಒಂದು ಸಾಲಿನ ಗಿಡ ಇನ್ನೊಂದು ಸಾಲಿನ ಸಂದಿಗೆ ಎದುರಾಗುವಂತೆ ನೆಡಬೇಕು. ಮೊದಲ ಎರಡು ವರ್ಷ ಹೊರಗಡೆ ಒಣಮುಳ್ಳಿನ ರಕ್ಷಣೆ ಬೇಕೇ ಬೇಕು. ಕಾವಲುಗಾರನೂ ಕೂಸಾಗಿರುವಾಗ ಅವನನ್ನೇ ಕಾಯಬೇಕಲ್ಲವೇ? ಗಿಡ ಎರಡು ಅಡಿಯಾದ ಕೂಡಲೆ ತುದಿಯನ್ನು ಕತ್ತರಿಸಿ ಒಂದು ಅಡಿಗೆ ಇಳಿಸಬೇಕು. ಇದನ್ನು ಮಾಡಲು ಮನಸ್ಸೊಪ್ಪುವುದು ಕಷ್ಟ. ಆದರೆ ಹಾಗೆ ಮಾಡದಿದ್ದರೆ ಗಿಡ ಮೇಲೆ ಕೊಡೆಯಂತೆ ಹರಡಿ, ಬುಡದಲ್ಲಿ ಬರಿದಾಗುತ್ತದೆ. ಮೇಕೆ, ನಾಯಿಗಳು ಬರುವುದು ಅಲ್ಲಿಂದಲೇ. ಮುಂದೆಯೂ ಬುಡ ಅಗಲ, ನೆತ್ತಿ ಕಿರಿದಾಗಿರುವಂತೆ ವರ್ಷಕ್ಕೆರಡು ಬಾರಿ ಸವರಿದರೆ ಕೆಳಗಿನ ಎಲೆಗಳಿಗೂ ಬಿಸಿಲು ಸಿಕ್ಕುತ್ತದೆ. ತರಕಾರಿಯ ಮಡಿಗಳನ್ನು ಬೇಲಿಯಿಂದ ನಾಲ್ಕೈದು ಅಡಿ ದೂರದಲ್ಲಿಡಿ. ಬೇಲಿಯ ಬೇರೂ ನೀರು ಕುಡಿಯುತ್ತದೆ.

ಎಚ್ಚರಿಕೆಯ ಮಾತೂ ಒಂದೆರಡಿವೆ. ಚದುರಗಳ್ಳಿ, ಎಲೆಗಳ್ಳಿಗಳನ್ನು ಬೇಲಿಗೆ ಬಳಸುವವರು ಅವುಗಳ ಹಾಲು ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಅದು ದೃಷ್ಟಿಗೇ ಅಪಾಯ. ಮಕ್ಕಳು ಓಡಾಡುವ ದಾರಿಯಂಚಿನಲ್ಲಿ ಯಾವ ಮುಳ್ಳನ್ನೂ ನೆಡಬಾರದು. ಸವರಿದ ಮುಳ್ಳನ್ನು ದಾರಿಯಲ್ಲಿ ಬಿಡಬಾರದು. ಮುಳ್ಳು ಆಳವಾಗಿ ಚುಚ್ಚಿದರೆ ಸಣ್ಣ ಗಾಯವೆಂದು ಉದಾಸೀನ ಮಾಡದೆ, ಸಾಬೂನಿನಿಂದ ತೊಳೆದು, ವೈದ್ಯರನ್ನು ಕಂಡು ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರ ಕೇಳಬೇಕು. ಮಣ್ಣು ಮೆತ್ತಿದ ಮುಳ್ಳಿನ ಮೂಲಕವೂ ಆ ರೋಗ ತಗಲಬಲ್ಲುದು.

ತಂತಿಬೇಲಿ ಒಂದೇ ದಿನದಲ್ಲಿ ಎದ್ದು ನಿಲ್ಲುತ್ತದೆ, ನಿಜ. ಆದರೆ ನಿಂತ ದಿನದಿಂದಲೇ ತುಕ್ಕು ಹಿಡಿಯತೊಡಗುತ್ತದೆ. ಹಸಿರುಬೇಲಿ ವರ್ಷದಿಂದ ವರ್ಷಕ್ಕೆ ದಟ್ಟವಾಗುತ್ತದೆ. ನನ್ನ ತೋಟದ ಕವಳಿಯ ಸಾಲಿನಲ್ಲಿ ಪ್ರತಿ ಬೇಸಿಗೆಯಲ್ಲಿ ಪಿಕಳಾರ ಗೂಡು ಕಟ್ಟುತ್ತದೆ. ಬೆಕ್ಕು ಕೆಳಗೆ ಕುಳಿತು ಮೇಲೆ ನೋಡುವುದಷ್ಟೇ, ಮುಳ್ಳಿಗೆ ಹೆದರಿ ಹತ್ತುವುದಿಲ್ಲ. ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗೀಜಗಗಳು ಗೂಡು ನೇಯುವುದೂ ಇಂಥ ರಕ್ಷಣೆಯನ್ನು ನೆಚ್ಚಿಯೇ. ಬೇಲಿಯಲ್ಲಿ ಬಿಟ್ಟ ಹಣ್ಣು ದಾರಿಹೋಕ ಮಕ್ಕಳಿಗೂ ದಕ್ಕುತ್ತದೆ. ಬರುವ ಮುಂಗಾರಿನಲ್ಲಿ ನಿಮ್ಮ ಹಿತ್ತಿಲಿನ ಅಂಚಿಗೆ ಹತ್ತು ಕವಳಿಯ ಸಸಿಗಳನ್ನಾದರೂ ನೆಡಿ. ಅಲ್ಲಿ ತಾನಾಗಿ ಹುಟ್ಟಿದ ಬಳ್ಳಾರಿ ಜಾಲಿಯ ಸಸಿ ಕಂಡರೆ, ಬೇರು ಇಳಿಯುವ ಮುನ್ನ, ಮಳೆಗೆ ಮಣ್ಣು ಮೆತ್ತಗಿರುವಾಗಲೇ ಕಿತ್ತುಬಿಡಿ.