ಕ್ರೀಡಾ ಸಂಸ್ಥೆಯ ಮೌನವೂ ಒಂದು ನಿಲುವೇ: ಮಿಸಿಸಿಪಿ ಕಲಿಸುವ ಪಾಠ

‘ಕ್ರೀಡೆಯಲ್ಲಿ ರಾಜಕೀಯ ಬೇಡ’ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಮೇಲ್ನೋಟಕ್ಕೆ ಅದು ನ್ಯಾಯವಾದ ಮಾತೇ. ಆದರೆ ಆಟಗಾರರ ಘನತೆಗೆ ಕುಂದು ತರುವ ಸಂಗತಿಯೊಂದು ಕಣ್ಣೆದುರಿಗೇ ಇರುವಾಗ ಕಾಲೇಜು ಕ್ರೀಡಾ ಸಂಸ್ಥೆಯೊಂದು ಸುಮ್ಮನಿರಬೇಕೆ? ಅಮೆರಿಕದ ಮಿಸಿಸಿಪಿ ರಾಜ್ಯವು ಈ ಪ್ರಶ್ನೆಯನ್ನು ಎರಡು ಬಾರಿ ಎದುರಿಸಿದೆ. ಭಾಷಾ ಅಲ್ಪಸಂಖ್ಯಾತರಾದ ನಾವು ಆ ಅನುಭವವನ್ನು ಅರಿಯುವುದು ಉಪಯುಕ್ತ.

ಅಮೆರಿಕದಲ್ಲಿ ಕಾಲೇಜು ಕ್ರೀಡೆಯನ್ನು ಮುಖ್ಯವಾಗಿ ನಿರ್ವಹಿಸುವುದು 1906ರಲ್ಲಿ ಸ್ಥಾಪನೆಯಾದ ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಘ. ಸುಮಾರು 1,100 ಕಾಲೇಜುಗಳೂ ವಿಶ್ವವಿದ್ಯಾಲಯಗಳೂ ಅದರ ಸದಸ್ಯರು. ಐದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಅದರಡಿಯಲ್ಲಿ ಆಡುತ್ತಾರೆ. ಅದರ ಕೆಳಗೆ ವಿಶ್ವವಿದ್ಯಾಲಯಗಳ ಪ್ರಾದೇಶಿಕ ಕೂಟಗಳಿವೆ. ಚಾಂಪಿಯನ್‌ಶಿಪ್ ಪಂದ್ಯವೊಂದು ಊರಿಗೆ ಬಂದರೆ ಹೋಟೆಲು, ಅಂಗಡಿಗಳಿಗೆ ವ್ಯಾಪಾರ; ರಾಜ್ಯಕ್ಕೆ ಪ್ರತಿಷ್ಠೆ. ಪಂದ್ಯಗಳು ಎಲ್ಲಿ ನಡೆಯಬೇಕೆಂದು ನಿರ್ಧರಿಸುವ ಅಧಿಕಾರವೇ ಇಂತಹ ಸಂಸ್ಥೆಗಳ ನಿಜವಾದ ಬಲ.

ಮೊದಲು 1963ರ ಘಟನೆಯನ್ನು ನೋಡೋಣ. ಮಿಸಿಸಿಪಿಯ ವಿಶ್ವವಿದ್ಯಾಲಯಗಳ ತಂಡಗಳು ಕಪ್ಪುವರ್ಣೀಯರಿರುವ ತಂಡಗಳೊಡನೆ ಆಡಬಾರದೆಂಬ ಕಟ್ಟಳೆ ಆಗ ಇತ್ತು. ಅದು ಯಾವ ಕಾನೂನಿನಲ್ಲಿಯೂ ಬರೆದದ್ದಲ್ಲ. ಆದರೂ ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡವು 1959, 1961 ಮತ್ತು 1962ರಲ್ಲಿ ಅರ್ಹತೆ ಪಡೆದಿದ್ದರೂ ರಾಷ್ಟ್ರೀಯ ಪಂದ್ಯಾವಳಿಗೆ ಹೋಗದೆ ಮನೆಯಲ್ಲಿಯೇ ಉಳಿಯಿತು. ಅದನ್ನು ಯಾರೂ ‘ರಾಜಕೀಯ’ ಎಂದು ಕರೆಯಲಿಲ್ಲವೆಂಬುದನ್ನು ಗಮನಿಸಬೇಕು. 1963ರಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷ ಡೀನ್ ಕಾಲ್ವರ್ಡ್ ತಂಡವನ್ನು ಕಳುಹಿಸಲು ತೀರ್ಮಾನಿಸಿದರು. ವಿರೋಧಿಗಳು ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಅದು ಕೈಸೇರುವ ಮೊದಲೇ ತಂಡವು ಗುಟ್ಟಾಗಿ ರಾಜ್ಯದ ಗಡಿ ದಾಟಿತು. ಎದುರಾಳಿ ಶಿಕಾಗೋದ ಲಯೋಲಾ ತಂಡದ ಆರಂಭಿಕ ಐವರಲ್ಲಿ ನಾಲ್ವರು ಕಪ್ಪುವರ್ಣೀಯರು. ಮಾರ್ಚ್ 15ರಂದು ನಡೆದ ಪಂದ್ಯದಲ್ಲಿ ಲಯೋಲಾ 61-51ರಿಂದ ಗೆದ್ದಿತು. ಆಡದೆ ಉಳಿದ ಮೂರು ವರ್ಷಗಳೂ ರಾಜಕೀಯ ನಿಲುವುಗಳೇ ಆಗಿದ್ದವೆಂಬುದು ಆಡಿದ ಆ ಒಂದು ದಿನದಿಂದ ಬಯಲಾಯಿತು.

ಎರಡನೆಯದು ಧ್ವಜದ ಪ್ರಶ್ನೆ. 1894ರಿಂದ ಮಿಸಿಸಿಪಿಯ ರಾಜ್ಯಧ್ವಜದ ಮೂಲೆಯಲ್ಲಿ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಅಂತರ್ಯುದ್ಧ ಹೂಡಿದ ದಕ್ಷಿಣದ ರಾಜ್ಯಗಳ ಯುದ್ಧಲಾಂಛನವಿತ್ತು. 2001ರ ಜನಮತಗಣನೆಯಲ್ಲಿ ಸುಮಾರು ಶೇ. 64 ಮತದಾರರು ಅದೇ ಧ್ವಜ ಇರಲೆಂದರು. ರಾಜ್ಯದ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿರುವ ಕಪ್ಪುವರ್ಣೀಯರು ಅದರ ಕೆಳಗೇ ಬದುಕಬೇಕಾಯಿತು. ಅವರ ಮಕ್ಕಳು ಅದರ ಕೆಳಗೇ ಆಡಬೇಕಾಯಿತು.

ಅದೇ ವರ್ಷ ಎನ್‌ಸಿಎಎ, ಈ ಲಾಂಛನವನ್ನು ಪ್ರಮುಖವಾಗಿ ಹಾರಿಸುವ ರಾಜ್ಯಗಳಿಗೆ ತಾನು ಮುಂಚಿತವಾಗಿ ಸ್ಥಳ ಗೊತ್ತುಪಡಿಸುವ ಚಾಂಪಿಯನ್‌ಶಿಪ್‌ಗಳನ್ನು ಕೊಡುವುದಿಲ್ಲವೆಂದಿತು. ಆಟದ ಸಾಧನೆಯಿಂದ ಆತಿಥ್ಯ ಗಳಿಸಿದ ತಂಡಗಳಿಗೆ ಮಾತ್ರ ವಿನಾಯಿತಿ ಇತ್ತು. 2020ರ ಜೂನ್‌ನಲ್ಲಿ ಆ ವಿನಾಯಿತಿಯೂ ಹೋಯಿತು. ಪ್ರಾದೇಶಿಕ ಕೂಟವಾದ ಎಸ್‌ಇಸಿಯೂ ಎಚ್ಚರಿಕೆ ಕೊಟ್ಟಿತು. ಮಿಸಿಸಿಪಿ ಸ್ಟೇಟ್‌ನ ಫುಟ್‌ಬಾಲ್ ಆಟಗಾರ ಕೈಲಿನ್ ಹಿಲ್, ಧ್ವಜ ಬದಲಾಗದಿದ್ದರೆ ತಾನು ಈ ರಾಜ್ಯವನ್ನು ಪ್ರತಿನಿಧಿಸುವುದಿಲ್ಲವೆಂದು ಬಹಿರಂಗವಾಗಿ ಸಾರಿದರು. ತರಬೇತುದಾರರು ಶಾಸನಸಭೆಗೆ ತೆರಳಿ ಶಾಸಕರನ್ನು ಕಂಡರು. ಜೂನ್ 30ರಂದು ರಾಜ್ಯಪಾಲರ ಅಂಕಿತದೊಂದಿಗೆ ಹಳೆಯ ಧ್ವಜ ಇಳಿಯಿತು. ಇದು ಕ್ರೀಡೆಯೊಂದರಿಂದಲೇ ಆಯಿತೆನ್ನುವುದು ತಪ್ಪಾದೀತು. ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರದ ಚಳವಳಿ, ಚರ್ಚುಗಳು, ವ್ಯಾಪಾರಿ ಸಂಸ್ಥೆಗಳ ಒತ್ತಡ ಎಲ್ಲವೂ ಸೇರಿದ್ದವು. ಅದೇ ನವೆಂಬರ್‌ನಲ್ಲಿ ಶೇ. 70ಕ್ಕೂ ಹೆಚ್ಚು ಮತದಾರರು ಹೊಸ ಧ್ವಜವನ್ನು ಒಪ್ಪಿದರು.

ಇಂತಹ ನಿಲುವುಗಳು ಯಾವಾಗಲೂ ಪೂರ್ಣ ಫಲ ಕೊಡುವುದಿಲ್ಲ. ಲಿಂಗಪರಿವರ್ತಿತರ ಶೌಚಾಲಯ ಬಳಕೆಯನ್ನು ನಿರ್ಬಂಧಿಸಿದ ಉತ್ತರ ಕರೊಲಿನಾದ ಕಾನೂನನ್ನು ವಿರೋಧಿಸಿ ಎನ್‌ಸಿಎಎ 2016ರಲ್ಲಿ ಏಳು ಚಾಂಪಿಯನ್‌ಶಿಪ್‌ಗಳನ್ನು ಅಲ್ಲಿಂದ ಸ್ಥಳಾಂತರಿಸಿತು. 2017ರಲ್ಲಿ ಕಾನೂನು ರದ್ದಾಯಿತು. ಆದರೆ ಅದರ ಬದಲಿಗೆ ಬಂದ ಕಾನೂನು, ತಾರತಮ್ಯ ತಡೆಯುವ ಸ್ಥಳೀಯ ನಿಯಮಗಳನ್ನು ನಗರಗಳು ರಚಿಸದಂತೆ 2020ರವರೆಗೆ ತಡೆಯಿತು. ಸಂಘವು ಒಲ್ಲದ ಮನಸ್ಸಿನಿಂದಲೇ ಅದನ್ನು ಒಪ್ಪಿಕೊಂಡಿತು. ಪಂದ್ಯಗಳನ್ನು ಕಳೆದುಕೊಂಡ ಸ್ಥಳೀಯ ಆಟಗಾರರೂ ವ್ಯಾಪಾರಿಗಳೂ ಆ ಕಾನೂನನ್ನು ಮಾಡಿದವರಲ್ಲ ಎಂಬ ಆಕ್ಷೇಪವನ್ನೂ ತಳ್ಳಿಹಾಕಲಾಗದು.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ನಮ್ಮ ದೃಷ್ಟಿಯಲ್ಲಿ ನಾಲ್ಕು ಪ್ರಶ್ನೆಗಳು ಸಾಕು. ವಿಷಯವು ಸಂಸ್ಥೆಯ ಆಟಗಾರರನ್ನೇ ನೇರವಾಗಿ ತಟ್ಟುತ್ತದೆಯೆ? ಸಂಸ್ಥೆ ಬಳಸುತ್ತಿರುವುದು ತನ್ನದೇ ಅಧಿಕಾರವನ್ನೆ? ನೊಂದ ಆಟಗಾರರ ಮಾತನ್ನು ಅದು ಕೇಳಿದೆಯೆ? ಎಲ್ಲ ರಾಜ್ಯಗಳಿಗೂ ಒಂದೇ ಅಳತೆಗೋಲು ಇದೆಯೆ? ಇವಕ್ಕೆ ಹೌದೆಂಬ ಉತ್ತರ ಬಂದಲ್ಲಿ ನಿಲುವು ತಾಳುವುದು ಸಂಸ್ಥೆಯ ಕರ್ತವ್ಯ. ಪಕ್ಷಗಳ ಪರ ಪ್ರಚಾರ, ಚುನಾವಣೆಯ ಬೆಂಬಲ ಇವು ಆ ಗೆರೆಯ ಆಚೆಯವು.

ಮತಗಣನೆಯಲ್ಲಿ ಸದಾ ಸೋಲುವವರ ಅಹವಾಲನ್ನು ಕೇಳುವ ಸಂಸ್ಥೆಯೊಂದಾದರೂ ಇರಬೇಕೆಂಬುದು ಗಡಿಯಾಚೆ ಬದುಕುವ ಕನ್ನಡಿಗರಿಗೆ ವಿವರಿಸಬೇಕಾದ ಸಂಗತಿಯಲ್ಲ. ಕ್ರೀಡಾಕೂಟದ ಸೂಚನೆಗಳು ನಮ್ಮ ಮಕ್ಕಳಿಗೆ ತಿಳಿಯುವ ಭಾಷೆಯಲ್ಲಿಯೂ ಇರಲಿ ಎಂದು ನಾವು ಕೇಳಿದರೆ, ಅದನ್ನು ರಾಜಕೀಯವೆಂದು ಬದಿಗೆ ಸರಿಸುವುದು ಸುಲಭ. ಆಗ ನಾವು ವಿನಯದಿಂದಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ಆ ಸೂಚನೆಗಳನ್ನು ಒಂದೇ ಭಾಷೆಯಲ್ಲಿ ಹೊರಡಿಸುವ ತೀರ್ಮಾನ ಯಾವ ಬಗೆಯದು?