ಒಂದೇ ಕತ್ತಿ, ಎರಡು ಶಾಸ್ತ್ರ

ಪ್ರಾಣಿಗೆ ಮೊದಲು ಪ್ರಜ್ಞೆ ತಪ್ಪಿಸದೆ ಅದನ್ನು ವಧಿಸಕೂಡದೆಂಬ ಶಾಸನವು ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತದಲ್ಲಿ 2019ನೆಯ ಇಸವಿ ಜನವರಿಯಿಂದಲೂ, ವಲೋನಿಯಾ ಪ್ರಾಂತದಲ್ಲಿ ಅದೇ ವರ್ಷದ ಸೆಪ್ಟೆಂಬರಿನಿಂದಲೂ ಜಾರಿಗೆ ಬಂದಿತು. ಇದರ ಮೇಲೆ ಯೆಹೂದ್ಯರೂ ಮುಸಲ್ಮಾನರೂ ನ್ಯಾಯಸ್ಥಾನದ ಮೆಟ್ಟಿಲೇರಿದರು. 2020ನೆಯ ಡಿಸೆಂಬರಿನಲ್ಲಿ ಯೂರೋಪು ಒಕ್ಕೂಟದ ನ್ಯಾಯಾಲಯವೂ, 2024ನೆಯ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗಿನ ಮಾನವಹಕ್ಕುಗಳ ನ್ಯಾಯಾಲಯವೂ ಶಾಸನದ ಪಕ್ಷವನ್ನೇ ಎತ್ತಿಹಿಡಿದವು. ಪ್ಯಾಲೆಸ್ತೀನಿನ ಹೆಸರೆತ್ತಿದರೆ ಒಬ್ಬರ ಮೋರೆಯನ್ನೊಬ್ಬರು ನೋಡಲೊಲ್ಲರೆಂದು ಲೋಕವು ಭಾವಿಸಿರುವ ಈ ಎರಡು ಸಮಾಜಗಳನ್ನು ವಾದಿಗಳ ಒಂದೇ ಸಾಲಿನಲ್ಲಿ ನಿಲ್ಲಿಸಿದ ಆಹಾರನಿಯಮಗಳ ಸ್ವರೂಪವೇನೆಂಬುದನ್ನು ವಾಚಕರು ಅರಿತಿರುವುದು ಒಳ್ಳೆಯದು.

ಹಂದಿಯ ಮಾಂಸ, ರಕ್ತ, ತಾನಾಗಿ ಸತ್ತ ಪ್ರಾಣಿ, ಇವು ಉಭಯರಿಗೂ ನಿಷಿದ್ಧ. ಸಾಮಾನ್ಯ ಜನರು ಬಲ್ಲುದು ಇಷ್ಟೇ. ಆದುದರಿಂದಲೇ ಎರಡೂ ಒಂದೇ ಎಂಬ ಭ್ರಾಂತಿ. ಯೆಹೂದ್ಯರ ಧರ್ಮಗ್ರಂಥವು ಸೀಳುಗೊರಸುಳ್ಳ, ಮೆಲುಕುಹಾಕುವ ಪ್ರಾಣಿಯನ್ನು ಮಾತ್ರ ಅಂಗೀಕರಿಸುವುದು. ಒಂಟೆಯು ಮೆಲುಕುಹಾಕಿದರೂ ಗೊರಸಿನ ಲೆಕ್ಕದಲ್ಲಿ ಸೋತು ಅವರಿಗೆ ತ್ಯಾಜ್ಯವಾಯಿತು. ಅರಬರಿಗಾದರೋ ಅದೇ ಒಂಟೆಯು ಬಲಿಗೂ ಭೋಜನಕ್ಕೂ ಸಲ್ಲುವುದು. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದೆಂದು ಮೋಶೆಯ ಗ್ರಂಥದಲ್ಲಿ ಮೂರು ಬಾರಿ ಬಂದಿರುವ ವಾಕ್ಯದಿಂದ ಮಾಂಸಕ್ಕೂ ಕ್ಷೀರಕ್ಕೂ ಬೇರೆಬೇರೆ ಪಾತ್ರೆ, ಬೇರೆಬೇರೆ ಹೊತ್ತು ಎಂಬ ದೊಡ್ಡದೊಂದು ಆಚಾರವೇ ಬೆಳೆದಿದೆ. ಮುಸಲ್ಮಾನರಲ್ಲಿ ಇದರ ಸುಳಿವೂ ಇಲ್ಲ. ಮದ್ಯದ ವಿಷಯದಲ್ಲಿ ಬಿಗಿಯು ತಿರುಗುಮುರುಗು: ಸಬ್ಬತ್ತಿನ ಸಂಜೆ ಯೆಹೂದ್ಯ ಗೃಹಸ್ಥನು ದ್ರಾಕ್ಷಾರಸದ ಬಟ್ಟಲನ್ನೆತ್ತಿ ಮಂತ್ರ ಹೇಳುವನು, ಮುಸಲ್ಮಾನನಿಗೆ ಅದು ಹರಾಮು. ಮೀನಾದರೆ ಯೆಹೂದ್ಯರಿಗೆ ಈಜುರೆಕ್ಕೆಯೂ ಹುರುಪೆಯೂ ಇರಲೇಬೇಕು. ಮುಸಲ್ಮಾನರಲ್ಲಿ ಹನಫೀ ಪಂಥದವರು ಜಲಚರಗಳಲ್ಲಿ ಮೀನನ್ನು ಮಾತ್ರ ಒಪ್ಪುವರು. ಶಾಫೀ ಪಂಥದವರಿಗೆ ಸೀಗಡಿಗೂ ಅಡ್ಡಿಯಿಲ್ಲ. (ನಮ್ಮ ಭಟ್ಕಳದ ನವಾಯತರು ಈ ಪಂಥದವರೇ.)

ಯೆಹೂದ್ಯರಲ್ಲಿ ಯಾರುಬೇಕಾದರೂ ಕತ್ತಿ ಹಿಡಿಯುವಂತಿಲ್ಲ. ಶಾಸ್ತ್ರವನ್ನೋದಿ ಅನುಮತಿ ಪಡೆದವನು ಉಗುರಿನಿಂದ ಅಲಗನ್ನು ಸವರಿ, ಕೂದಲೆಳೆಯಷ್ಟು ಮುಕ್ಕೂ ಇಲ್ಲವೆಂದು ಕಂಡು, ತಡೆಯದೆ ಒತ್ತದೆ ಕೊಯ್ಯಬೇಕು. ಬಳಿಕ ಶ್ವಾಸಕೋಶದ ಪರೀಕ್ಷೆ. ಆಮೇಲೆ ಉಪ್ಪುಹಾಕಿ ರಕ್ತವನ್ನು ತೆಗೆಯುವುದು. ಮುಸಲ್ಮಾನರಲ್ಲಿ ವಿವೇಕವುಳ್ಳ ಯಾವ ಮುಸಲ್ಮಾನನಾದರೂ ದೇವರ ಹೆಸರು ಹೇಳಿ ಹರಿತವಾದ ಕತ್ತಿಯಿಂದ ವಧಿಸಬಹುದು. ಗ್ರಂಥವುಳ್ಳ ಜನರ ಆಹಾರವು ಸಲ್ಲುವುದೆಂದು ಕುರಾನಿನ ಐದನೆಯ ಅಧ್ಯಾಯವು ಹೇಳಿರುವುದರಿಂದ ಯೆಹೂದ್ಯನು ಕೊಯ್ದುದನ್ನು ಅನೇಕ ಮುಸಲ್ಮಾನರು ತಿನ್ನುವರು; ಮುಸಲ್ಮಾನನು ಕೊಯ್ದುದು ಯೆಹೂದ್ಯನಿಗೆ ಸಲ್ಲದು.

ಬೆಲ್ಜಿಯಂ ಶಾಸನದ ಪೆಟ್ಟು ಅಸಮವಾಗಿ ಬೀಳುವುದೂ ಇದರಿಂದಲೇ. ಪ್ರಾಣಿಯು ಸಾಯದಂತೆ ವಿದ್ಯುತ್ತಿನಿಂದ ಕ್ಷಣಕಾಲ ಪ್ರಜ್ಞೆ ತಪ್ಪಿಸುವ ಕ್ರಮವನ್ನು ಮುಸಲ್ಮಾನ ವಿದ್ವಾಂಸರಲ್ಲಿ ಹಲವರು ಅಂಗೀಕರಿಸಿದ್ದಾರೆ. ನ್ಯೂಜಿಲೆಂಡಿನಿಂದ ಹೊರದೇಶಕ್ಕೆ ಹೋಗುವ ಹಲಾಲ್ ಮಾಂಸವು ಹೀಗೆಯೇ ಸಿದ್ಧವಾಗುವುದು. ಒಪ್ಪದ ವಿದ್ವಾಂಸರೂ ಉಂಟು. ಆದರೆ ಯೆಹೂದ್ಯ ಶಾಸ್ತ್ರಕಾರರಿಗೆ ವಧೆಯ ಮುನ್ನ ಪ್ರಾಣಿಗೆ ಯಾವ ಊನವೂ ತಟ್ಟಿರಕೂಡದು. ಅವರಿಗೆ ಬಾಗಲು ಎಡೆಯೇ ಇಲ್ಲ. ಹಿಟ್ಲರನ ಸರ್ಕಾರವು ಅಧಿಕಾರಕ್ಕೆ ಬಂದ ಮೂರು ತಿಂಗಳೊಳಗೆ, 1933ನೆಯ ಏಪ್ರಿಲಿನಲ್ಲಿ, ಇಂತಹುದೇ ಶಾಸನವನ್ನು ಹೊರಡಿಸಿದ್ದುದನ್ನು ಅವರು ಮರೆತಿಲ್ಲ. ಇಂದಿನ ಬೆಲ್ಜಿಯಂ ಶಾಸಕರ ಪ್ರಾಣಿದಯೆಯನ್ನು ಅದರೊಡನೆ ತೂಗುವುದು ಅನ್ಯಾಯ. ಮೂಕಪ್ರಾಣಿಯ ನೋವನ್ನು ಕಡಿಮೆಮಾಡಬೇಕೆಂಬುದು ಹಗುರವಾದ ಮಾತಲ್ಲ. ಆದರೂ ದಯೆಯ ಹೆಸರಿನಲ್ಲಿ ಒಂದು ಚಿಕ್ಕ ಸಮಾಜದ ಊಟದ ಎಲೆಯವರೆಗೆ ಕೈಚಾಚುವ ಸರ್ಕಾರವು, ಆ ಕೈ ಯಾರಿಗೆಷ್ಟು ಭಾರವೆಂದು ಅಳೆದು ನೋಡಿತೆಂದು ನಮಗೆ ತೋರುವುದಿಲ್ಲ.

ಆ ಶಾಸನವು ಹೊರಗಿನಿಂದ ಬರುವ ಅಂತಹ ಮಾಂಸವನ್ನು ತಡೆದಿಲ್ಲ. ಫ್ಲಾಂಡರ್ಸಿನ ನಡುವೆಯೇ ಇರುವ ಬ್ರಸೆಲ್ಸಿನ ಶಾಸನಸಭೆಯು 2022ರಲ್ಲಿ ಇದೇ ಸೂಚನೆಯನ್ನು ತಳ್ಳಿಹಾಕಿತು.