ವಾಟರ್‌ಫರ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಕಶ್ಕಾಯ್ ಕೊಳ್ಳುವ ಮುನ್ನ

ಐರ್ಲೆಂಡಿನ ನಂಬರ್ ಪ್ಲೇಟು ಕಾರಿನ ಅರ್ಧ ಚರಿತ್ರೆಯನ್ನು ತಾನೇ ಹೇಳುತ್ತದೆ. ‘151-ಡಬ್ಲ್ಯು’ ಎಂದಿದ್ದರೆ, ಆ ಕಾರು 2015ರ ಮೊದಲ ಆರು ತಿಂಗಳಲ್ಲಿ ಮೊದಲ ಸಲ ನೋಂದಣಿಯಾದದ್ದು, ವಾಟರ್‌ಫರ್ಡಿನ ಸಂಖ್ಯೆ ಪಡೆದದ್ದು ಎಂದರ್ಥ. ವರ್ಷವನ್ನು ಹೀಗೆ ಎರಡಾಗಿ ಒಡೆಯುವ ಪದ್ಧತಿ 2013ರಲ್ಲಿ ಬಂದಿತು. ಪ್ಲೇಟು ಹೇಳದೆ ಬಿಡುವ ಉಳಿದರ್ಧವನ್ನು ಕೊಳ್ಳುವವರೇ ಹುಡುಕಿಕೊಳ್ಳಬೇಕು. ಇಲ್ಲಿ ಹೇರಳವಾಗಿ ಸಿಗುವ ಕಾಂಪ್ಯಾಕ್ಟ್ ಎಸ್‌ಯುವಿ ನಿಸ್ಸಾನ್ ಕಶ್ಕಾಯ್‌ನ ಎರಡನೆಯ ತಲೆಮಾರು ಇದಕ್ಕೆ ಒಳ್ಳೆಯ ಉದಾಹರಣೆ.

ಈ ಕಾರಿನ ವಿಷಯದಲ್ಲಿ ಹೆಸರಿಗಿಂತ ಎಂಜಿನ್ನೇ ನಿರ್ಣಾಯಕ. 2015ರ ಮಾದರಿಯಲ್ಲಿ ಹೆಚ್ಚಾಗಿ ಕಾಣಸಿಗುವುವು 1.5 ಲೀಟರಿನ ಡೀಸೆಲ್ ಮತ್ತು 1.2 ಲೀಟರಿನ ಟರ್ಬೊ ಪೆಟ್ರೋಲ್. 2008ರ ಜುಲೈ ನಂತರ ನೋಂದಣಿಯಾದ ಕಾರುಗಳಿಗೆ ರಸ್ತೆ ತೆರಿಗೆ ಇಂಗಾಲದ ಹೊಗೆಯ ಪ್ರಮಾಣವನ್ನು ಅನುಸರಿಸುವುದರಿಂದ, ಡೀಸೆಲ್ ಕಾರು ಕಾಗದದ ಮೇಲೆ ಅಗ್ಗವಾಗಿ ತೋರುತ್ತದೆ. ಆದರೆ ಅದರ ಹೊಗೆನಳಿಗೆಯಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇದೆ. ಆ ಮಸಿ ಉರಿದುಹೋಗಲು ಹೆಚ್ಚಿನ ಶಾಖ ಬೇಕು. ಆ ಶಾಖ ಹೆದ್ದಾರಿಯಲ್ಲಿ ಬಹಳ ಹೊತ್ತು ಒಂದೇ ವೇಗದಲ್ಲಿ ಓಡಿದಾಗ ಸುಲಭವಾಗಿ ಸಿಗುತ್ತದೆ. ವಾರಕ್ಕೆ ಎರಡು ಮೂರು ಬಾರಿ ಎಂ9 ಹಿಡಿದು ಡಬ್ಲಿನ್ ಕಡೆಗೆ ಹೋಗುವವರಿಗೆ ಡೀಸೆಲ್ ಒಪ್ಪುತ್ತದೆ. ನಗರದೊಳಗಿನ ಮನೆಯಿಂದ ಡನ್‌ಮೋರ್ ರಸ್ತೆಯ ವಿಶ್ವವಿದ್ಯಾಲಯ ಆಸ್ಪತ್ರೆಗಷ್ಟೇ ಹೋಗಿಬರುವವರ ಕಾರಿನಲ್ಲಿ ಫಿಲ್ಟರ್ ಕಟ್ಟಿಕೊಳ್ಳುವ ಸಂಭವ ಹೆಚ್ಚು.

ಹಾಗೆಂದು ಪೆಟ್ರೋಲ್ ನಿರಾತಂಕವಲ್ಲ. ರೆನೋ ಕಂಪನಿಯೊಡನೆ ಹಂಚಿಕೊಂಡ ಈ 1.2 ಎಂಜಿನ್ ಅತಿಯಾಗಿ ಆಯಿಲ್ ಕುಡಿಯುತ್ತದೆಂಬ ದೂರುಗಳನ್ನು ಫ್ರಾನ್ಸಿನ ಗ್ರಾಹಕ ಸಂಘಟನೆಯೊಂದು 2019ರಲ್ಲಿ ಬಹಿರಂಗಕ್ಕೆ ತಂದಿತು. ಆಯಿಲ್ ಕಡಿಮೆಯಾದದ್ದು ಗಮನಕ್ಕೆ ಬಾರದಿದ್ದರೆ ಎಂಜಿನ್ನೇ ಹಾಳಾಗಬಹುದು. ಆದ್ದರಿಂದ ಕಾರನ್ನು ಎಂಜಿನ್ ತಣ್ಣಗಿರುವಾಗಲೇ ನೋಡಬೇಕು: ಆಯಿಲ್ ಮಟ್ಟ ಅಳೆದು, ಸ್ಟಾರ್ಟ್ ಮಾಡಿದ ಕೂಡಲೇ ಚೈನಿನ ಗಲಗಲ ಸದ್ದು ಬರುತ್ತದೆಯೇ ಎಂದು ಆಲಿಸಿ, ಪ್ರತಿ ಸರ್ವಿಸಿನ ರಸೀತಿ ಕೇಳಬೇಕು. 2018ರ ಕೊನೆಯಲ್ಲಿ ಇದರ ಸ್ಥಾನಕ್ಕೆ 1.3 ಲೀಟರಿನ ಬೇರೆ ಎಂಜಿನ್ ಬಂದಿತು.

ಎನ್‌ಸಿಟಿ ಪರೀಕ್ಷೆಯಲ್ಲಿ ಉತ್ತೀರ್ಣವಾಗಿದೆ ಎಂಬ ಮಾತು ಈ ಪ್ರಶ್ನೆಗಳಿಗೆ ಉತ್ತರವಲ್ಲ. ನಾಲ್ಕು ವರ್ಷ ತುಂಬಿದ ಕಾರಿಗೆ ಎರಡು ವರ್ಷಕ್ಕೊಮ್ಮೆ, ಹತ್ತು ವರ್ಷ ದಾಟಿದ ಮೇಲೆ ಪ್ರತಿವರ್ಷ ನಡೆಯುವ ಈ ಪರೀಕ್ಷೆ ಬ್ರೇಕು, ಸಸ್ಪೆನ್ಷನ್, ಟೈರು, ಹೊಗೆ ಮುಂತಾದುವನ್ನು ನೋಡುತ್ತದೆ; ತಿಂಗಳಿಗೆ ಎಷ್ಟು ಆಯಿಲ್ ಸುಡುತ್ತದೆ ಎಂಬುದನ್ನಲ್ಲ.

ಕಾಗದಪತ್ರಗಳ ಪರಿಶೀಲನೆಯೂ ಅಷ್ಟೇ ಅಗತ್ಯ. ಬ್ರಿಟನ್ನಿನಿಂದ ತಂದ ಕಾರಿಗೂ ಮೊದಲ ನೋಂದಣಿಯ ವರ್ಷವೇ ಪ್ಲೇಟಿನಲ್ಲಿರುತ್ತದೆ; ಹಳೆಯ ಬ್ರಿಟಿಷ್ ಸಂಖ್ಯೆ ತಿಳಿದರೆ ಅಲ್ಲಿನ ಎಂಒಟಿ ಪರೀಕ್ಷೆಗಳಲ್ಲಿ ದಾಖಲಾದ ಮೈಲಿಗಳನ್ನು ಉಚಿತವಾಗಿ ನೋಡಬಹುದು. ಹೈರ್ ಪರ್ಚೇಸ್ ಸಾಲ ತೀರದ ಕಾರು ಕಾನೂನಿನಂತೆ ಸಾಲ ಕೊಟ್ಟವರದು. ಚರಿತ್ರೆಯ ತಪಾಸಣೆಗೆ ಕೊಡುವ ಸಣ್ಣ ಶುಲ್ಕ ಈ ಅಪಾಯದಿಂದ ಕಾಯುತ್ತದೆ. ಡೀಲರಿಂದ ಕೊಂಡರೆ 2022ರ ಗ್ರಾಹಕ ಹಕ್ಕುಗಳ ಕಾಯಿದೆಯ ರಕ್ಷಣೆಯಿದೆ, ಖಾಸಗಿ ಮಾರಾಟಕ್ಕೆ ಅದಿಲ್ಲ. ಭಾರತದ ಲೈಸೆನ್ಸನ್ನು ಇಲ್ಲಿ ನೇರವಾಗಿ ಬದಲಿಸಿಕೊಳ್ಳಲಾಗದ ಕಾರಣ, ಹೊಸದಾಗಿ ಬಂದವರು ಮುಂಗಡ ಕೊಡುವ ಮೊದಲೇ ವಿಮೆಯ ದರ ಕೇಳಿಕೊಳ್ಳುವುದು ಲೇಸು.

ಒಟ್ಟಿನಲ್ಲಿ, ಹೆದ್ದಾರಿಯ ಓಡಾಟವಿದ್ದು ಟೈಮಿಂಗ್ ಬೆಲ್ಟ್ ಬದಲಿಸಿದ ರಸೀತಿ ಇದ್ದರೆ 2015ರ ಡೀಸೆಲ್ ಕಶ್ಕಾಯ್ ಕೊಳ್ಳಬಹುದು. ನಗರದೊಳಗಷ್ಟೇ ಓಡಿಸುವವರು ಪೂರ್ಣ ದಾಖಲೆಯಿರುವ 1.2 ಪೆಟ್ರೋಲನ್ನು ಮಾತ್ರ ಪರಿಗಣಿಸಬೇಕು. ದಾಖಲೆಯಿಲ್ಲದಿದ್ದರೆ ಬೆಲೆ ಎಷ್ಟೇ ಇಳಿದರೂ ಅದನ್ನು ಬಿಟ್ಟು, ಇನ್ನಷ್ಟು ಹಣ ಕೂಡಿಸಿ 1.3ಕ್ಕೆ ಕಾಯುವುದೇ ವಿವೇಕ.